ಕಾಲಾಘೋಡಾದ ಬಾಗಿಲುಗಳು ಸಂಜೆಯೂ ತೆರೆದಿರಲಿ

ಮಾನ್ಯ ಸಂಪಾದಕರೇ,

ಮುಂಬಯಿಯ ಕೋಟೆ ಪ್ರದೇಶದ ಕಾಲಾಘೋಡಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ, ಜಹಾಂಗೀರ್ ಆರ್ಟ್ ಗ್ಯಾಲರಿ ಮತ್ತು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗಳು ಕೂಗಳತೆಯ ದೂರದಲ್ಲಿವೆ. ಆದರೆ ವಸ್ತುಸಂಗ್ರಹಾಲಯ ಸಂಜೆ 6ಕ್ಕೆ ಮುಚ್ಚಿದರೆ ಜಹಾಂಗೀರ್ 7ಕ್ಕೆ ಮುಚ್ಚುತ್ತದೆ. ಸುತ್ತಲಿನ ಕಚೇರಿ, ಬ್ಯಾಂಕುಗಳಲ್ಲಿ ದುಡಿಯುವವರಿಗೆ ಬಿಡುವಾಗುವ ಹೊತ್ತೂ ಅದೇ. ಈ ಮೂರೂ ಸಂಸ್ಥೆಗಳು ವಾರದಲ್ಲಿ ಒಂದು ದಿನವನ್ನು ಒಟ್ಟಾಗಿ ಗೊತ್ತುಮಾಡಿಕೊಂಡು, ಆ ದಿನವಾದರೂ ರಾತ್ರಿ 9ರವರೆಗೆ ತೆರೆದಿರಬೇಕೆಂದು ನಾನು ಕೋರುತ್ತೇನೆ.

ಭಾನುವಾರ ಬರಬಹುದಲ್ಲ ಎಂದು ಕೆಲವರು ಹೇಳಬಹುದು. ವಾರವಿಡೀ ಡೊಂಬಿವಲಿ, ವಸಾಯಿಗಳಿಂದ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣಿಸುವವರು ಇರುವ ಒಂದು ರಜೆಯಲ್ಲೂ ಮಕ್ಕಳನ್ನು ಕಟ್ಟಿಕೊಂಡು, ಹಳಿ ದುರಸ್ತಿಗಾಗಿ ಭಾನುವಾರ ರೈಲು ಸಂಚಾರ ತಡೆಯುವ ಮೆಗಾಬ್ಲಾಕ್ ದಾಟಿ ಮತ್ತೆ ಇಲ್ಲಿಗೆ ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಈ ಆವರಣದಲ್ಲಿ ನಮ್ಮ ಕನ್ನಡಿಗರ ಪಾಲೂ ಇದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂದೆ ಅಲ್ಲಿಯೇ ಕಲಿಸಿದ ಕೆ.ಕೆ. ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಯಿಸಿದ್ದರಿಂದ, ಸರ್ ಕಾವಸ್‌ಜಿ ಜಹಾಂಗೀರ್ ಅವರ ಕೊಡುಗೆಯಾಗಿ 1952ರಲ್ಲಿ ಜಹಾಂಗೀರ್ ಗ್ಯಾಲರಿ ತಲೆಯೆತ್ತಿತು. ಇನ್ನು ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ದೇಗುಲದ ಛಾವಣಿಯಲ್ಲಿದ್ದ ಬ್ರಹ್ಮನ ಶಿಲ್ಪಫಲಕವಿದೆ. ಬಾದಾಮಿ ಚಾಲುಕ್ಯರ ಕಾಲದ ಅಂಥ ಕೆತ್ತನೆಯನ್ನು ಒಮ್ಮೆಯೂ ಕಾಣದೆ, ಅದೇ ಕಟ್ಟಡದ ಮುಂದಿನ ರಸ್ತೆಯಲ್ಲಿ ಓಡಾಡುತ್ತಲೇ ನಿವೃತ್ತರಾದ ಕನ್ನಡಿಗರು ಬಹಳ ಮಂದಿಯಿದ್ದಾರೆ. ಅವರಿಗೆ ಆಸಕ್ತಿಯಿಲ್ಲವೆಂದು ನಾನು ಒಪ್ಪಲಾರೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದ ಹಿರಿಯರು ನಮ್ಮಲ್ಲಿದ್ದಾರೆ. ದುಡಿಯುವವರ ವೇಳೆಗೆ ಶಾಲೆಯೇ ತನ್ನ ವೇಳೆಯನ್ನು ಹೊಂದಿಸಿಕೊಂಡಿದ್ದರಿಂದ ಅದು ಸಾಧ್ಯವಾಯಿತು.

ಸಂಜೆ ಜನ ಬರುತ್ತಾರೆಯೇ ಎಂಬ ಸಂದೇಹಕ್ಕೆ 1999ರಿಂದ ನಡೆದುಬಂದಿರುವ ಕಾಲಾಘೋಡಾ ಕಲಾ ಉತ್ಸವವೇ ಉತ್ತರ. ಆ ದಿನಗಳಲ್ಲಿ ಕತ್ತಲಾದ ಮೇಲೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉತ್ಸವದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಚಿತ್ರದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಲು ಆ ನೂಕುನುಗ್ಗಲಿನಲ್ಲಿ ಆಗದು. ಅದಕ್ಕೆ ವರ್ಷದ ಉಳಿದ ಸಂಜೆಗಳು ಬೇಕು. ಗ್ಯಾಲರಿಯ ಹೊರಗೆ ಪಾದಚಾರಿ ಮಾರ್ಗದಲ್ಲಿ ಚಿತ್ರಗಳನ್ನಿಟ್ಟು ಮಾರುವ ಕಲಾವಿದರಿಗೂ ಇದರಿಂದ ನಾಲ್ಕು ಕಾಸು ಸಿಕ್ಕೀತು.

ಕಾವಲುಗಾರರ ಹೆಚ್ಚುವರಿ ಪಾಳಿ, ವಿದ್ಯುತ್ತಿನ ವೆಚ್ಚಗಳು ಕಡಿಮೆಯೇನಲ್ಲ. ವಸ್ತುಸಂಗ್ರಹಾಲಯವನ್ನೂ ಜಹಾಂಗೀರ್ ಗ್ಯಾಲರಿಯನ್ನೂ ನಡೆಸುವ ಟ್ರಸ್ಟುಗಳೇ ಅದನ್ನೆಲ್ಲ ಹೊರಬೇಕೆನ್ನುವುದು ಸರಿಯಲ್ಲ. ರಾಜ್ಯ ಸರ್ಕಾರವೂ ಮಹಾನಗರಪಾಲಿಕೆಯೂ ಒಂದು ಪಾಲನ್ನು ಭರಿಸಬೇಕು. ಆಧುನಿಕ ಕಲಾ ಗ್ಯಾಲರಿ ಕೇಂದ್ರ ಸಂಸ್ಕೃತಿ ಸಚಿವಾಲಯದ ಅಧೀನದಲ್ಲಿರುವುದರಿಂದ ಅದರ ವೇಳೆ ಬದಲಾಗಲು ದೆಹಲಿಯ ಒಪ್ಪಿಗೆ ಬೇಕು. ಪ್ರಯಾಣದ ಚಿಂತೆಯಂತೂ ಈಗ ಹಗುರವಾಗಿದೆ. 2025ರ ಅಕ್ಟೋಬರಿನಲ್ಲಿ ಮೆಟ್ರೊ 3ನೇ ಮಾರ್ಗ ಕಫ್ ಪರೇಡ್‌ವರೆಗೆ ಪೂರ್ಣಗೊಂಡಿದ್ದು, ಹುತಾತ್ಮ ಚೌಕದ ನಿಲ್ದಾಣ ಇಲ್ಲಿಂದ ನಡಿಗೆಯ ದೂರದಲ್ಲಿದೆ.

ಮಳೆಗಾಲ ಕಳೆದ ಮೇಲೆ ಕೆಲವು ತಿಂಗಳು ಶುಕ್ರವಾರಗಳಂದು ಇದನ್ನು ಪ್ರಯೋಗಿಸಿ ನೋಡಬಹುದು. ಮುಂಬಯಿಯ ಕನ್ನಡ ಸಂಘಗಳು ಈ ಬೇಡಿಕೆಯನ್ನು ಸಂಬಂಧಪಟ್ಟ ಆಡಳಿತಗಳಿಗೆ ಲಿಖಿತವಾಗಿ ಸಲ್ಲಿಸಬೇಕು. ಬಾಗಿಲು ತೆರೆದ ಮೊದಲ ವಾರದಿಂದಲೇ ತಮ್ಮ ಸದಸ್ಯರನ್ನು ಕರೆತರುವ ಹೊಣೆಯನ್ನೂ ಹೊರಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಡೊಂಬಿವಲಿ