ಗೆದ್ದವರನ್ನು ತೂಗುವ ಮೊದಲು

ಬದಿಯಡ್ಕ, ಕಾಸರಗೋಡು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಸೈಕಲ್ ರೇಸ್ ನೋಡಲು ಶುರು ಮಾಡಿದ್ದು ನನಗೆ ತುಂಬ ಖುಷಿ ಕೊಟ್ಟಿತು. ನಮ್ಮ ಮನೆಯಲ್ಲಿ ಈ ಹುಚ್ಚು ನನ್ನೊಬ್ಬನಿಗೇ ಇತ್ತು. ಆದರೆ ನಿನ್ನ ಪತ್ರದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಟೂರ್ ದ ಫ್ರಾನ್ಸ್ ಮಾತ್ರ ನಿಜವಾದ ರೇಸ್, ಇಟಲಿಯ ಜಿರೋ, ಸ್ಪೇನಿನ ವುಯೆಲ್ಟಾ ಗೆದ್ದವರೆಲ್ಲ ಎರಡನೇ ದರ್ಜೆಯವರು ಅಂತ ಬರೆದಿದ್ದೀಯ. ಅದರಲ್ಲಿ ಅರ್ಧ ಸರಿ.

ಟೂರ್ ಎಲ್ಲಕ್ಕಿಂತ ಮೇಲೆ, ಅದರಲ್ಲಿ ವಾದವೇ ಬೇಡ. ಮೂರೂ ಮೂರು ವಾರದ ರೇಸ್‌ಗಳೇ, ಮೂರರಲ್ಲೂ 21 ಹಂತ, ಅಂದರೆ ದಿನಕ್ಕೊಂದು ಓಟ; ಎಲ್ಲ ಹಂತಗಳ ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರೇ ಗೆದ್ದಂತೆ. ಮೂರನ್ನೂ ಹುಟ್ಟುಹಾಕಿದ್ದು ಪತ್ರಿಕೆಯವರು. ಟೂರ್ 1903ರಲ್ಲಿ, ಜಿರೋ 1909ರಲ್ಲಿ, ವುಯೆಲ್ಟಾ 1935ರಲ್ಲಿ. ಆದರೂ ಇವತ್ತು ಟೂರ್ ಗೆದ್ದವರಿಗೆ ವಿಶ್ವ ಶ್ರೇಯಾಂಕದಲ್ಲಿ 1300 ಅಂಕ, ಉಳಿದೆರಡನ್ನು ಗೆದ್ದವರಿಗೆ 1100. ಈ ಅಂಕದಿಂದ ಟೂರ್ ದೊಡ್ಡದಾಗಿದ್ದಲ್ಲ. ಜುಲೈ ತಿಂಗಳಲ್ಲಿ ಎಲ್ಲ ತಂಡಗಳೂ ತಮ್ಮ ಅತಿ ಗಟ್ಟಿ ಸವಾರರನ್ನು ಕಳಿಸುತ್ತವೆ. ವರ್ಷದ ತಯಾರಿಯೆಲ್ಲ ಆ ಮೂರು ವಾರಕ್ಕೇ. ತಾಳಮದ್ದಳೆಯಲ್ಲಿ ಎದುರು ಕೂತವರು ಗಟ್ಟಿ ಅರ್ಥಧಾರಿಯಾದರೆ ನಮ್ಮ ಮಾತಿಗೂ ತೂಕ ಬರುತ್ತದೆ, ಅಲ್ವಾ? ಟೂರ್‌ನ ತೂಕವೂ ಹಾಗೆ ಬಂದದ್ದು.

ಆದರೆ ಇದೇ ಮಾತನ್ನು ತಿರುಗಿಸಿ, ಎದುರಾಳಿ ಬರಲಿಲ್ಲ, ಹಾಗಾಗಿ ಗೆಲುವು ಹಗುರ ಅನ್ನುವುದಿದೆಯಲ್ಲ, ಅಲ್ಲಿ ನೀನು ತಪ್ಪಿದೆ. 2025ರ ಜಿರೋಗೆ ಟೂರ್ ಗೆದ್ದ ಪೊಗಾಚಾರ್ ಬರಲಿಲ್ಲ, ವಿಂಗೆಗೋರ್ ಬರಲಿಲ್ಲ. ಹಾಗಾದರೆ ಸೈಮನ್ ಯೇಟ್ಸ್ ಗೆದ್ದದ್ದು ಸುಮ್ನೆ ಸಿಕ್ಕಿದ್ದಾ?

ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಅಂತ ಇಟಲಿಯಲ್ಲಿ ಒಂದು ಘಾಟಿ ಇದೆ. ಎತ್ತರ 2178 ಮೀಟರ್. ಕೊನೆಯ ಸುಮಾರು 8 ಕಿಲೋಮೀಟರ್ ಡಾಂಬರೇ ಇಲ್ಲ, ಜಲ್ಲಿಮಣ್ಣಿನ ದಾರಿ. 2018ರ ಜಿರೋದಲ್ಲಿ ಯೇಟ್ಸ್, ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಗುಲಾಬಿ ಅಂಗಿ ತೊಟ್ಟು ಅಲ್ಲಿಗೆ ಬಂದ. ಮೂರು ಹಂತ ಗೆದ್ದಿದ್ದ, ರೇಸ್ ಮುಗಿಯಲು ಇನ್ನು ಮೂರೇ ದಿನ. ಆ ಏರಿನಲ್ಲಿ ಅವನ ಶಕ್ತಿ ಪೂರ್ತಿ ಬಸಿದುಹೋಯಿತು. ಆ ದಿನ ಮುಗಿಯುವಾಗ 38 ನಿಮಿಷಕ್ಕಿಂತ ಜಾಸ್ತಿ ಹಿಂದೆ. ಅದೇ ಏರಿನಿಂದ ಕ್ರಿಸ್ ಫ್ರೂಮ್ ಒಬ್ಬನೇ 80 ಕಿಲೋಮೀಟರ್ ಓಡಿಸಿ ಜಿರೋವನ್ನೇ ಗೆದ್ದ.

ಏಳು ವರ್ಷದ ನಂತರ, ಕೊನೆಯ ಹಂತದ ಹಿಂದಿನ ದಿನ, ಯೇಟ್ಸ್ ಮತ್ತೆ ಅದೇ ಘಾಟಿಯ ಬುಡಕ್ಕೆ ಬಂದ. ಗುಲಾಬಿ ಅಂಗಿ ಮೆಕ್ಸಿಕೋದ ಹುಡುಗ ಇಸಾಕ್ ದೆಲ್ ಟೊರೊನ ಮೈಮೇಲೆ. ಯೇಟ್ಸ್ 81 ಸೆಕೆಂಡ್ ಹಿಂದೆ. ದೆಲ್ ಟೊರೊ ಮತ್ತು ಎರಡನೇ ಸ್ಥಾನದಲ್ಲಿದ್ದ ಕರಪಾಸ್ ಒಬ್ಬರನ್ನೊಬ್ಬರು ಕಾಯುತ್ತ ಉಳಿದರು. ಯೇಟ್ಸ್ ಹೊರಟೇ ಹೋದ. ಮೊದಲೇ ಮುಂದೆ ಹೋಗಿದ್ದ ಅವನ ತಂಡದ ವೌಟ್ ವಾನ್ ಆರ್ಟ್ ಘಾಟಿ ಇಳಿದ ಮೇಲೆ ಕಾದು ನಿಂತು, ಕಣಿವೆಯಲ್ಲಿ ಗಾಳಿಗೆ ಎದೆಯೊಡ್ಡಿ ಅವನನ್ನು ಎಳೆದುಕೊಂಡು ಹೋದ. ಕೊನೆಗೆ ಯೇಟ್ಸ್ ಜಿರೋ ಗೆದ್ದದ್ದು 3 ನಿಮಿಷ 56 ಸೆಕೆಂಡ್‌ಗಳಿಂದ. ಇಂಥ ದಿನ ಟೂರ್‌ನಲ್ಲೂ ಅಪರೂಪ, ಪುಟ್ಟಿ. ಬಾರದವರ ಲೆಕ್ಕವನ್ನು ಬಂದು ಗೆದ್ದವನ ತಲೆಗೆ ಕಟ್ಟಬೇಡ.

ವುಯೆಲ್ಟಾದ ರೀತಿಯೇ ಬೇರೆ. 1995ರಿಂದ ಅದು ವಸಂತ ಬಿಟ್ಟು ಸೆಪ್ಟೆಂಬರ್ ಕಡೆಗೆ ಬಂತು. ಟೂರ್‌ನಲ್ಲಿ ಬಿದ್ದವರು, ಸೋತವರು ವರ್ಷ ಉಳಿಸಿಕೊಳ್ಳಲು ಅಲ್ಲಿಗೆ ಬರುತ್ತಾರೆ. ತಂಡದ ನಾಯಕನಿಗಾಗಿ ದುಡಿಯುವ ಸವಾರರಿಗೂ ಅಲ್ಲಿ ಒಮ್ಮೊಮ್ಮೆ ಬಾಗಿಲು ತೆರೆಯುತ್ತದೆ. 2023ರಲ್ಲಿ ಸೆಪ್ ಕಸ್ ಗೆದ್ದ. ಅದೇ ವರ್ಷ ಜಿರೋ ಗೆದ್ದ ರೊಗ್ಲಿಚ್, ಟೂರ್ ಗೆದ್ದ ವಿಂಗೆಗೋರ್ ಇಬ್ಬರಿಗೂ ಅವನೇ ಬೆಟ್ಟದಲ್ಲಿ ಹೆಗಲು ಕೊಟ್ಟವನು. ವುಯೆಲ್ಟಾದಲ್ಲಿ ಆ ಇಬ್ಬರೂ ಅವನ ನಂತರದ ಸ್ಥಾನಗಳಲ್ಲಿ ಉಳಿದರು.

ಒಂದು ವಾರದ ರೇಸ್‌ಗಳು ಇವುಗಳಿಗಿಂತ ಕೆಳಗೆ, ಸರಿ. ಆದರೂ ಪ್ಯಾರಿಸ್–ನೀಸ್ ಅನ್ನು 1982ರಿಂದ 1988ರವರೆಗೆ ಸಾಲಾಗಿ ಏಳು ಸಲ ಗೆದ್ದ ಶಾನ್ ಕೆಲ್ಲಿ ಒಮ್ಮೆಯೂ ಟೂರ್ ಗೆಲ್ಲಲಿಲ್ಲ. ಅವನನ್ನು ಎರಡನೇ ದರ್ಜೆ ಅನ್ನುವ ಧೈರ್ಯ ನನಗಂತೂ ಇಲ್ಲ.

ನನಗೆ ನಿಜವಾಗಿ ಬೇಸರವಾದದ್ದು ಇನ್ನೊಂದಕ್ಕೆ. ಪೊಸಡಿಗುಂಪೆಯ ಏರಿನಲ್ಲಿ ಸೈಕಲ್ ತುಳಿಯುವವಳು ನೀನು. ಹೆಂಗಸರ ರೇಸ್ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ! ಅಲ್ಲಿ ವರ್ಷಗಟ್ಟಲೆ ದೊಡ್ಡ ಹೆಸರು ಇದ್ದದ್ದು 1988ರಲ್ಲಿ ಶುರುವಾದ ಇಟಲಿಯ ಹೆಂಗಸರ ಜಿರೋಗೆ. 2022ರಲ್ಲಿ ಹೆಂಗಸರ ಟೂರ್ ಮತ್ತೆ ಶುರುವಾಯಿತು. ಆಗ ಅದು ಬರೀ ಎಂಟು ದಿನದ ರೇಸ್. ಆದರೂ ಹೆಸರಿನಲ್ಲಿ ಬೇಗನೇ ಜಿರೋವನ್ನು ದಾಟಿತು. ಟೂರ್ ಅನ್ನುವ ಹೆಸರಿನ ಬಲ ಅದು. ಅಷ್ಟು ವರ್ಷ ಇಟಲಿಯಲ್ಲಿ ಗೆದ್ದವರ ಬೆವರು ಆ ಒಂದು ವರ್ಷದಲ್ಲಿ ಅಗ್ಗವಾಯಿತಾ, ನೀನೇ ಹೇಳು.

2024ರ ಹೆಂಗಸರ ಟೂರ್‌ನ ಕೊನೆಯ ಹಂತ ಆಲ್ಪ್ ದ್ಯುಯೆಜ್‌ನಲ್ಲಿ ಮುಗಿಯಿತು. ಹಂತ ಗೆದ್ದದ್ದು ಡೆಮಿ ವೊಲರಿಂಗ್, ಟೂರ್ ಗೆದ್ದದ್ದು ಕಾಶಾ ನಿಯೆವಿಯಾದೋಮಾ. ಅಂತರ ಬರೀ 4 ಸೆಕೆಂಡ್. ಈ ಭಾನುವಾರ ಅದನ್ನು ಹುಡುಕಿ ನೋಡು. ಕೊನೆಯ ಏರು ಮಾತ್ರ ಅಲ್ಲ, ಅದಕ್ಕೂ ಹಿಂದಿನ ಗ್ಲಾಂದೋಂ ಘಾಟಿಯಿಂದಲೇ ನೋಡು. ನಿನಗೆ ಏನನ್ನಿಸಿತು ಅಂತ ಉದ್ದವಾಗಿ ಬರೆ.

ನಿನ್ನ
ದೊಡ್ಡಪ್ಪ