ಯಾರ ಪೈಕಿನೂ ಅಲ್ಲ ಅಂದೆಯಲ್ಲ

ಕಲಬುರಗಿ

ಚಿರಂಜೀವಿ ಮೊಮ್ಮಗಳಿಗೆ ಸಣ್ಣ ಮುತ್ಯಾನ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಮನೆಯ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಒಂದು ಮಾತು. 'ಖಗೋಳದ ಕ್ಲಾಸಿಗೆ ಆಮ್ಹರ್ಸ್ಟ್ ಕಾಲೇಜಿಗೆ ಹೋಗಬೇಕು. ಅಲ್ಲಿ ನಾನು ಯಾರ ಪೈಕಿನೂ ಅಲ್ಲ ಮುತ್ಯಾ. ಹೆಸರು ತೆಗೆಸಿಬಿಡಲಾ?' ಅಂತ ಬರೆದಿದ್ದೀಯಲ್ಲ, ಅದು.

ಸಮುದ್ರ ದಾಟಿ ಒಬ್ಬಳೇ ಹೋದ ಹುಡುಗಿ ನೀನು. ಅಂಥವಳಿಗೆ ಅಮೆರಿಕದ ನಿನ್ನ ಮೌಂಟ್ ಹೋಲಿಯೋಕ್ ಕಾಲೇಜಿನಿಂದ ಬಸ್ಸು ಹತ್ತಿ ಪಕ್ಕದ ಕಾಲೇಜಿಗೆ ಹೋಗುವುದು ಕಷ್ಟ ಅನಿಸುತ್ತಿದೆ. ಬೇರೆಯವರು ಕೇಳಿದರೆ ಇದೇನು ದೊಡ್ಡದು ಅನ್ನಬಹುದು. ನಾನು ಅನ್ನುವುದಿಲ್ಲ. ಈ ಸಂಕಟ ನನಗೆ ಗೊತ್ತು. ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯ ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

1974ನೇ ಇಸವಿ. ನಾನು ಬಿಎಸ್ಸಿ ಎರಡನೇ ವರ್ಷ. ನಮ್ಮ ಕಾಲೇಜಿನಲ್ಲಿ ಗಣಿತ ಹೇಳುವವರು ಬಿಟ್ಟು ಹೋಗಿ ತಿಂಗಳುಗಟ್ಟಲೆ ಆಗಿತ್ತು. ಊರಿನ ಇನ್ನೊಂದು ಕಾಲೇಜಿನಲ್ಲಿ ಒಬ್ಬರು ಸರ್ ಇದ್ದರು. ಬಹಳ ಚೆನ್ನಾಗಿ ಹೇಳುತ್ತಾರೆ ಅಂತ ಹೆಸರು. ಧೈರ್ಯ ಮಾಡಿ ಹೋಗಿ ಕೇಳಿದೆ. 'ಬಂದು ಕೂಡು, ಯಾರು ಬ್ಯಾಡ ಅಂತಾರ?' ಅಂದರು. ಆಗ ಇಲ್ಲಿನ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಎರಡೂ ಕಡೆ ಅದೇ ಪಾಠ, ಅದೇ ಪ್ರಶ್ನೆಪತ್ರಿಕೆ. ಬಾಡಿಗೆ ಸೈಕಲ್ ಮಾಡಿಕೊಂಡು ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಕೊನೆಯ ಬೆಂಚಿನ ತುದಿಯಲ್ಲಿ ಕೂಡುತ್ತಿದ್ದೆ.

ಹನ್ನೊಂದು ದಿನ ಹೋದೆ. ಹನ್ನೆರಡನೇ ದಿನ ಹಾಜರಿ ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗ ತಿರುಗಿ, 'ನಿನ್ನ ಹೆಸರು ಕರೀಲೇ ಇಲ್ಲಲ್ಲ, ಯಾವ ಕಾಲೇಜಿನಂವ ಅದೀಯೋ?' ಅಂತ ಕೇಳಿದ. ಅಷ್ಟೇ. ಬೈಯಲಿಲ್ಲ, ನಗಲಿಲ್ಲ. ಸುಮ್ನೆ ಕೇಳಿದ. ಆದರೆ ನಾಲ್ಕಾರು ಮಂದಿ ತಿರುಗಿ ನೋಡಿದರು. ನನಗೆ ಮೈಯೆಲ್ಲ ಬಿಸಿಯಾಯಿತು. ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ.

ಎಷ್ಟೋ ವರ್ಷದ ಮೇಲೆ ಸೂಪರ್ ಮಾರ್ಕೆಟಿನಲ್ಲಿ ಅದೇ ಹುಡುಗ ಸಿಕ್ಕ. ಅವನಿಗೂ ತಲೆ ನೆರೆತಿತ್ತು. ಅವನೇ ಗುರುತು ಹಿಡಿದ. 'ನೀ ಯಾಕ ಬರೋದು ಬಿಟ್ಟಿ? ಸರ್ ನಾಲ್ಕು ದಿನ ಕೇಳಿದ್ರು' ಅಂದ. ಆವತ್ತು ನನ್ನನ್ನು ತನ್ನ ಪಕ್ಕಕ್ಕೆ ಕರೆಯಬೇಕು ಅಂತಲೇ ಅವನು ತಿರುಗಿದ್ದನಂತೆ. ಮುಂದಿನ ಬೆಂಚಿನಲ್ಲಿ ಜಾಗ ಇತ್ತಂತೆ.

ಇದನ್ನು ಕೇಳಿ ಮನೆಗೆ ಬಂದವನು ಆ ರಾತ್ರಿ ಊಟ ಮಾಡಲಿಲ್ಲ.

ಧಾರವಾಡದವರು 1970ರಲ್ಲೇ ಇಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದಿದ್ದರು. ಅದೇ ಮುಂದೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆಯಿತು. ಎಂಎಸ್ಸಿ ಮಾಡಬೇಕೆಂಬ ಆಸೆ ನನಗೂ ಇತ್ತು. ಗಣಿತದಲ್ಲಿ ಅಂಕ ಬರಲಿಲ್ಲ, ಆಗಲಿಲ್ಲ. ಹೈಸ್ಕೂಲ್ ಮಾಸ್ತರನಾದೆ. ಆ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಬೋರ್ಡಿನ ಮುಂದೆ ನಿಂತಾಗ ಒಮ್ಮೊಮ್ಮೆ, ಆ ಸರ್ ಇದನ್ನು ಹೇಗೆ ಹೇಳಿರುತ್ತಿದ್ದರೋ ಅನಿಸುತ್ತಿತ್ತು.

ನೀನು ಬರೆದ ಮೇಲೆ ನಿಮ್ಮ ಐದು ಕಾಲೇಜುಗಳ ಒಕ್ಕೂಟದ ಬಗ್ಗೆ ಹುಡುಕಿ ಓದಿದೆ. ಮೌಂಟ್ ಹೋಲಿಯೋಕ್, ಸ್ಮಿತ್, ಆಮ್ಹರ್ಸ್ಟ್, ಹ್ಯಾಂಪ್‌ಶೈರ್, ಜೊತೆಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ. 1965ರಲ್ಲಿ ಒಕ್ಕೂಟ ನೋಂದಣಿಯಾಗಿದೆ. ಹ್ಯಾಂಪ್‌ಶೈರ್ ಮಕ್ಕಳನ್ನು ಸೇರಿಸಿಕೊಂಡದ್ದು 1970ರಲ್ಲಿ, ನಮ್ಮ ಕೇಂದ್ರ ಶುರುವಾದ ವರ್ಷವೇ. ಒಂದರಲ್ಲಿ ಓದುವವರು ಇನ್ನೊಂದರ ಕ್ಲಾಸಿಗೆ ಬೇರೆ ಫೀಸು ಕಟ್ಟಬೇಕಿಲ್ಲ. ಅಲ್ಲಿ ಪಡೆದ ಗ್ರೇಡು ನಿನ್ನ ಕಾಲೇಜಿನ ಅಂಕಪಟ್ಟಿಗೇ ಬರುತ್ತದೆ. ಓಡಾಡಲು ಬಸ್ಸು ಸಹ ಇದೆ. ಖಗೋಳ ವಿಭಾಗವಂತೂ ಐದಕ್ಕೂ ಸೇರಿದ ಒಂದೇ ವಿಭಾಗ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. 1969ರಲ್ಲಿ ಅವರೆಲ್ಲ ಸೇರಿ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದು ನೋಡುವ ಒಂದು ರೇಡಿಯೋ ವೀಕ್ಷಣಾಲಯ ಶುರು ಮಾಡಿದರು. 1976ರ ಹೊತ್ತಿಗೆ ಅಲ್ಲಿ 14 ಮೀಟರ್ ಅಗಲದ ದೂರದರ್ಶಕ ನಿಂತಿತು. ಸಣ್ಣ ಕಾಲೇಜೊಂದು ಒಂಟಿಯಾಗಿ ಅಂಥದ್ದನ್ನು ಕಟ್ಟಲು ಆಗುತ್ತಿತ್ತಾ?

ಅಂದರೆ ಆ ಕ್ಲಾಸು ಆಮ್ಹರ್ಸ್ಟಿನ ಕಟ್ಟಡದಲ್ಲಿ ನಡೆದರೂ ಅದು ನಿನ್ನ ವಿಭಾಗವೇ ಅಲ್ವಾ? ಹಾಜರಿಯಲ್ಲಿ ನಿನ್ನ ಹೆಸರು ಇರುತ್ತದೆ. ನನ್ನದು ಇರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ, ಮಗಳೇ.

ಆದರೆ ಹೆಸರು ಇದ್ದ ಮಾತ್ರಕ್ಕೆ ಭಯ ಹೋಗುತ್ತದೆ ಅಂತ ನಾನು ಹೇಳಲಾರೆ. ಅಲ್ಲಿನ ಮಕ್ಕಳು ಒಂದೇ ಹಾಸ್ಟೆಲಿನವರು, ಒಟ್ಟಿಗೆ ಊಟಕ್ಕೆ ಹೋಗುವವರು. ಮೊದಲ ಎರಡು ಮೂರು ವಾರ ನೀನು ಬಾಗಿಲ ಹತ್ತಿರ ಒಬ್ಬಳೇ ಕೂತಿರಬಹುದು. ಅದನ್ನು ನೆನೆದೇ ನನಗೆ ಹೊಟ್ಟೆಯಲ್ಲಿ ಸಂಕಟ. ಎರಡೂ ಕಡೆ ಅರ್ಧ ಅರ್ಧ ಆಗಿಬಿಡುತ್ತೇನೆ ಅಂತಲೂ ಬರೆದಿದ್ದೀ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎದ್ದು ಬಂದ ಮೇಲೆ ನನಗೆ ನನ್ನ ಕಾಲೇಜಾದರೂ ಪೂರ್ತಿ ನನ್ನದು ಅನಿಸಲಿಲ್ಲ, ಇಷ್ಟು ಮಾತ್ರ ಗೊತ್ತು.

ನಮ್ಮಲ್ಲೂ ಈಗ 2021ರಿಂದ ಕ್ರೆಡಿಟ್ ಬ್ಯಾಂಕ್ ಅಂತ ಬಂದಿದೆ. ಬೇರೆ ಕಡೆ ಓದಿ ಗಳಿಸಿದ ಕ್ರೆಡಿಟ್ಟು, ಅಂದರೆ ಓದಿ ಮುಗಿಸಿದ ಪಾಠಕ್ಕೆ ಸಿಗುವ ಲೆಕ್ಕ, ಖಾತೆಯಲ್ಲಿ 7 ವರ್ಷದವರೆಗೆ ಇಡಬಹುದು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಊರಲ್ಲೇ ಶರಣಬಸವ ವಿಶ್ವವಿದ್ಯಾಲಯ ಇದೆ, ಬೀದರಿನಲ್ಲಿ ಪಶುವೈದ್ಯಕೀಯದ್ದು ಇದೆ. ಒಂದರ ಮಕ್ಕಳು ಇನ್ನೊಂದರಲ್ಲಿ ಹೋಗಿ ಕೂತರೆ ಎಷ್ಟು ಚಂದ! ಬರೀ ಖಾತೆ ಸಾಲದು ಅನಿಸುತ್ತದೆ ನನಗೆ. ಹೋಗಿಬರಲು ಬಸ್ಸು ಬೇಕು, ಒಳಗೆ ಬಂದವರನ್ನು 'ಬಾ, ಇಲ್ಲಿ ಕೂಡು' ಅನ್ನುವವರು ಬೇಕು. ಏನೋ ಹೇಳಲು ಹೋಗಿ ಎಲ್ಲಿಗೋ ಬಂದೆ.

ಬುದ್ಧಿ ಹೇಳುವಷ್ಟು ನನಗೆ ಅಲ್ಲಿನದು ಗೊತ್ತಿಲ್ಲ. ಆದರೂ, ಕ್ಲಾಸಿಗೆ ಒಂದು ದಿನ ಮೊದಲು ಬಸ್ಸಿನಲ್ಲಿ ಹೋಗಿ ಆ ಕೋಣೆ ನೋಡಿಕೊಂಡು ಬಾ. ಪಾಠ ಹೇಳುವವರಿಗೆ ನಿನ್ನ ಹೆಸರು, ಯಾವ ಕಾಲೇಜು ಅಂತ ನೀನೇ ಮೊದಲು ಹೇಳು, ಯಾರಾದರೂ ಕೇಳುವವರೆಗೆ ಕಾಯಬೇಡ. ರಜೆ, ಪರೀಕ್ಷೆಯ ತಾರೀಕು ಎರಡೂ ಕಡೆ ಬೇರೆ ಬೇರೆ ಇರಬಹುದು, ನೋಡಿಕೋ. ಸಂಜೆ ಬಸ್ಸಿನ ವೇಳೆ ಬರೆದಿಟ್ಟುಕೋ. ಕೊನೆಯ ಸಾಲಿನಲ್ಲಿ ಮಾತ್ರ ಕೂಡಬೇಡ, ಇದೊಂದು ನನ್ನ ಮಾತು ಕೇಳು. ನಿಮ್ಮವ್ವ ಕಳಿಸಿದ ಶೇಂಗಾ ಹಿಂಡಿ ಇನ್ನೂ ಉಳಿದಿದ್ದರೆ ಡಬ್ಬಿಯಲ್ಲಿ ಜಾಸ್ತಿ ಒಯ್ಯಿ, ಪಕ್ಕದವಳಿಗೂ ಕೊಡಬಹುದು.

ಮೂರು ವಾರ ಹೋಗು. ಆಮೇಲೂ ಆಗುವುದೇ ಇಲ್ಲ ಅನಿಸಿದರೆ ಹೆಸರು ತೆಗೆಸು, ನಾನೇನೂ ಅನ್ನುವುದಿಲ್ಲ. ಆದರೆ ಯಾರಾದರೂ ತಿರುಗಿ 'ನೀನು ಎಲ್ಲಿಯವಳು?' ಅಂತ ಕೇಳಿದರೆ, ಅವತ್ತು ಎದ್ದು ಬರಬೇಡ. ಪೂರ್ತಿ ಏನು ಹೇಳುತ್ತಾರೋ ಕೇಳು.

ಮಂಗಳವಾರ ಬೆಳಗ್ಗೆ ಕ್ಲಾಸು ಅಂದಿದ್ದೀ. ಇಲ್ಲಿ ಆಗ ರಾತ್ರಿ ಊಟದ ಹೊತ್ತು. ಫೋನು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಮುಗಿಸಿ ಬಸ್ಸು ಹತ್ತಿದ ಮೇಲೆ, ಎಲ್ಲಿ ಕೂತಿದ್ದೆ ಅಂತ ಒಂದು ಸಾಲು ಕಳಿಸು.

ನಿನ್ನ ಸಣ್ಣ ಮುತ್ಯಾ