ಮಂಡಕ್ಕಿ ಭಟ್ಟಿಯನ್ನೂ ಪ್ರವಾಸದ ಪಟ್ಟಿಗೆ ಸೇರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ವಾರಾಂತ್ಯದ ಪುರವಣಿಯಲ್ಲಿ ಗಂಡ-ಹೆಂಡತಿ ಒಂದೇ ದಿನದಲ್ಲಿ ಹೋಗಿಬರಬಹುದಾದ ಜಾಗಗಳ ಪಟ್ಟಿ ಬಂದಿತ್ತು. ಕಾಫಿ ತೋಟ, ವೈನ್ ಕಾರ್ಖಾನೆ, ಚಾಕೊಲೇಟ್ ಮಾಡುವ ಜಾಗ. ಟಿಕೆಟ್ ತಗೊಂಡು ಒಳಗೆಲ್ಲ ಸುತ್ತೋದು, ಕೊನೆಗೆ ರುಚಿ ನೋಡೋದು, ಒಂದು ಪ್ಯಾಕೆಟ್ ಕೊಂಡು ಮನೆಗೆ ಬರೋದು. ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ದಾವಣಗೆರೆ, ಚಿತ್ರದುರ್ಗದ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ ತಿಂದು ಮುಂದೆ ಹುಬ್ಬಳ್ಳಿಗೆ ಹೋಗೋ ಊರು, ಚಿತ್ರದುರ್ಗ ಅಂದ್ರೆ ಕೋಟೆ, ಅಷ್ಟೇ ಅಲ್ವಾ?

ನಾವು ತಿನ್ನೋದನ್ನ ಎಲ್ಲಿ ಮಾಡುತ್ತಾರೋ ಅಲ್ಲಿಗೇ ಹೋಗಿ, ನೋಡಿ, ಅಲ್ಲೇ ತಿಂದು ಬಂದರೆ ಹೇಗಿರುತ್ತೆ ಅಂತ ಮೊನ್ನೆ ಶನಿವಾರ ನಮ್ಮ ಮನೆಯವರೂ ನಾನೂ ಹೊರಟೆವು. ಆ ದಿನ ಕಂಡಿದ್ದರಿಂದಲೇ ಈ ಪತ್ರ.

ಮೊದಲು ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿ, ಅಂದರೆ ಮಂಡಕ್ಕಿ (ಪುರಿ) ಹುರಿಯುವ ಒಲೆಗಳಿರೋ ಜಾಗ. ಇದೇ ಊರಲ್ಲಿ ಹುಟ್ಟಿ ಬೆಳೆದವರೂ ಎಷ್ಟೋ ಜನ ಆ ಕಡೆ ಕಾಲಿಟ್ಟಿರಲ್ಲ. ಹೊಗೆ ಅಂತ ಮೂಗು ಮುಚ್ಚಿಕೊಂಡು ಬೇರೆ ರಸ್ತೆ ಹಿಡಿಯುತ್ತೇವೆ. ಒಂದು ಭಟ್ಟಿಯವರನ್ನ ಕೇಳಿದ್ದಕ್ಕೆ ಬನ್ನಿ ಅಂದರು. ಬಾಗಿಲು ದಾಟುವಷ್ಟರಲ್ಲೇ ಮುಖಕ್ಕೆ ಝಳ ಹೊಡೆಯಿತು. ಒಲೆ ಮುಂದಿದ್ದ ಹೆಂಗಸು ತಿರುಗಿಯೂ ನೋಡದೆ, "ದೂರ ನಿಂತ್ಕಳ್ರಿ ಅಕ್ಕಾ, ಮರಳು ಸಿಡಿತೈತಿ" ಅಂದಳು.

ಮಂಡಕ್ಕಿ ಅಂದರೆ ಅಕ್ಕಿ ಹುರಿದುಬಿಟ್ಟರೆ ಆಯ್ತು ಅಂದುಕೊಂಡವರೇ ಜಾಸ್ತಿ. ಹಾಗಲ್ಲ. ಮೊದಲು ಭತ್ತವನ್ನು ಬಿಸಿನೀರಲ್ಲಿ ನೆನೆಸಿ, ಹುರಿದು, ಒಣಗಿಸಿ, ಮಿಲ್ಲಿಗೆ ಹಾಕಿಸಿ ಹೊಟ್ಟು ತೆಗೆಸಬೇಕು. ಆ ಅಕ್ಕಿಗೆ ಉಪ್ಪುನೀರು ಕಲಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿಟ್ಟುಕೊಂಡು, ಆಮೇಲೆ ಕೆಂಡದಂತೆ ಕಾದ ಮರಳಿಗೆ ಸುರಿದರೆ ಕೆಲವೇ ಸೆಕೆಂಡಿನಲ್ಲಿ ಅಷ್ಟೂ ಅರಳಿ ಬೆಳ್ಳಗೆ ಮೇಲೆದ್ದು ಬರುತ್ತದೆ. ಮರಳು 200 ಡಿಗ್ರಿಗಿಂತ ಮೇಲೆ ಕಾದಿರಬೇಕು. ಅಕ್ಕಿಯೊಳಗೆ ಉಳಿದಿರುವ ಚೂರು ನೀರು ತಟ್ಟನೆ ಹಬೆಯಾಗಿ ಒಳಗಿಂದ ಒದೆಯುತ್ತದೆ, ಅದಕ್ಕೇ ಅರಳೋದು. ಮನೆಯಲ್ಲಿ ಅನ್ನ ಮಾಡುವ ಬೆಳ್ತಿಗೆ ಅಕ್ಕಿ ಹಾಕಿದರೆ ಹೀಗೆ ಅರಳಲ್ಲ, ಕುಸುಬಲಕ್ಕಿ ಥರ ಮೊದಲೇ ಬೆಂದು ಗಟ್ಟಿಯಾಗಿರಬೇಕು. ಅರಳಿದ್ದೇ ತಡ, ಜರಡಿಗೆ ಎಳೆದು ಮರಳು ಕೆಳಗಿಳಿಸುತ್ತಾರೆ. ಒಂದು ಕ್ಷಣ ತಡವಾದರೂ ಸೀದು ಹೋಗುತ್ತದೆ. ಇದನ್ನೆಲ್ಲ ಬರೀ ಕಣ್ಣಳತೆಯಲ್ಲಿ ಮಾಡುತ್ತಾರೆ, ಗಡಿಯಾರವೂ ಇಲ್ಲ, ಮೀಟರೂ ಇಲ್ಲ.

ಜರಡಿಯಿಂದ ಆಗಷ್ಟೇ ಇಳಿದ ಬಿಸಿ ಮಂಡಕ್ಕಿಯನ್ನ ಒಂದು ಹಿಡಿ ಬಾಯಿಗೆ ಹಾಕಿಕೊಂಡ ನಮ್ಮ ಮನೆಯವರು, "ಬುದ್ಧಿ ಬಂದಾಗಿಂದ ತಿಂತಾ ಇದೀನಿ, ಇದು ಮರಳಲ್ಲಿ ಅರಳುತ್ತೆ ಅಂತ ಇವತ್ತು ಗೊತ್ತಾಯ್ತು ನೋಡು" ಅಂದರು. ಇವರ ಅಪ್ಪ, ನಮ್ಮ ಮಾವ, ಇಲ್ಲಿನ ಕಾಟನ್ ಮಿಲ್ಲಿನಲ್ಲಿ ದುಡಿದವರು. ಪಾಳಿ ಮುಗಿಸಿ ಬರುವಾಗ ಮಂಡಕ್ಕಿ ಪೊಟ್ಟಣ ತರುತ್ತಿದ್ದರಂತೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನ ಆ ಮಿಲ್ಲುಗಳು ಮುಚ್ಚಿದವು. ನೋಡೋಣ ಅಂದರೂ ಈಗ ತೋರಿಸೋಕೆ ಏನೂ ಉಳಿದಿಲ್ಲ. ಭಟ್ಟಿಗಳು ಇನ್ನೂ ಉರಿಯುತ್ತಿವೆ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಹೊಗೆಯ ವಿಷಯ ಬಿಟ್ಟು ಬರೆದರೆ ಸುಳ್ಳು ಬರೆದಂತಾಗುತ್ತದೆ. ಭಟ್ಟಿಗಳಲ್ಲಿ ಹಳೇ ಟೈರ್ ಸುಡುತ್ತಾರೆ ಅನ್ನೋ ದೂರು ಪೇಪರಿನಲ್ಲಿ ಎಷ್ಟೋ ಸಲ ಬಂದಿದೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯ 20 ಊರುಗಳಲ್ಲಿ ದಾವಣಗೆರೆಯೂ ಇತ್ತು, ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆ ಆ ಯೋಜನೆಯಲ್ಲೇ ಸೇರಿತ್ತು. ನಾವು ಹೋದ ಕಡೆ ಹೊಟ್ಟು, ಸೌದೆ ಹಾಕುತ್ತಿದ್ದರು, ಆದರೂ ಕಣ್ಣುರಿ ತಪ್ಪಲಿಲ್ಲ. ನಮಗೆ ಅರ್ಧ ಗಂಟೆ ಆಗದ ಹೊಗೆಯಲ್ಲಿ ಅವರು ದಿನಪೂರ್ತಿ ನಿಲ್ಲುತ್ತಾರೆ. ಟೈರ್ ಯಾಕೆ ಸುಡುತ್ತಾರೆ ಅಂದರೆ ಅಗ್ಗ, ಶಾಖ ಜಾಸ್ತಿ, ಅಷ್ಟೇ. ಮಂಡಕ್ಕಿಗೆ ಸಿಗುವ ರೇಟಿನಲ್ಲಿ ಒಳ್ಳೆ ಸೌದೆ ಹಾಕಿ ಅಂತ ಬರೀ ಬುದ್ಧಿ ಹೇಳಿದರೆ ಯಾರು ಕೇಳುತ್ತಾರೆ? ದಿನಾ ನಾಲ್ಕು ಜನ ಹೊರಗಿನವರು ದುಡ್ಡು ಕೊಟ್ಟು ನೋಡೋಕೆ ಬರುವ ಹಾಗಾದರೆ ಆ ದುಡ್ಡಿನಲ್ಲಿ ಎತ್ತರದ ಚಿಮಣಿ, ಒಳ್ಳೆ ಒಲೆ ಆಗುತ್ತದೆ, ಜನರ ಕಣ್ಣೆದುರು ಟೈರ್ ಹಾಕೋಕೆ ಅವರಿಗೂ ಮುಜುಗರ ಆಗುತ್ತದೆ. ನೋಟೀಸಿಗಿಂತ ಇದು ಬೇಗ ಕೆಲಸ ಮಾಡುತ್ತೆ ಅಂತ ನನ್ನ ಲೆಕ್ಕ.

ಅಲ್ಲಿಂದ ಬೆಣ್ಣೆ ದೋಸೆಗೆ. ಅದರ ಬಗ್ಗೆ ನಾನು ಹೊಸದಾಗಿ ಹೇಳೋದೇನಿದೆ? 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ಹೆಣ್ಣುಮಗಳು ರಾಗಿ ದೋಸೆ ಹಾಕಿ ಮಾರಿದ್ದರಿಂದ ಇದು ಶುರುವಾಯ್ತು, ಮಕ್ಕಳ ಕಾಲಕ್ಕೆ ಅಕ್ಕಿ ಹಿಟ್ಟಿಗೆ ಬದಲಾಯ್ತು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಹೊರಗಿನವರಿಗೆ ಗೊತ್ತಿಲ್ಲದ ಮಾತು ಅಂದರೆ ಆ ಹಿಟ್ಟಿಗೆ ಅಕ್ಕಿ, ಉದ್ದಿನ ಬೇಳೆ ಜೊತೆ ಮಂಡಕ್ಕಿಯನ್ನೂ ರುಬ್ಬಿ ಹಾಕುತ್ತಾರೆ. ಅಂದರೆ ಭಟ್ಟಿ ನಿಂತರೆ ದೋಸೆಯ ಗರಿಯೂ ಹೋಯ್ತು ಅಂತಲೇ ಲೆಕ್ಕ.

ಆಮೇಲೆ ಚಳ್ಳಕೆರೆ. ಚಿತ್ರದುರ್ಗದ ಮೇಲೆ ಹಾದು ಹೋದರೆ ಹತ್ತಿರ ಹತ್ತಿರ 90 ಕಿಲೋಮೀಟರ್. ಆಯಿಲ್ ಸಿಟಿ ಅಂತ ಹೆಸರಾದ ಊರು, ಸುತ್ತಲೂ ಶೇಂಗಾ ಬೆಳೆಯುವ ಸೀಮೆ. ಒಂದು ಮಿಲ್ಲಿನ ಗೇಟಿನಲ್ಲೇ "ಯಾವ ಡಿಪಾರ್ಟ್‌ಮೆಂಟು?" ಅಂತ ಕೇಳಿದರು. ಸುಮ್ನೆ ನೋಡೋಕೆ ಬಂದ್ವಿ ಅಣ್ಣ ಅಂದರೆ ನಂಬಲಿಲ್ಲ, ತೆರಿಗೆಯವರೋ ಫುಡ್ ಇನ್‌ಸ್ಪೆಕ್ಟರೋ ಅಂದುಕೊಂಡು ವಾಪಸ್ ಕಳಿಸಿದರು. ಪಾಪ, ಅವರದೂ ತಪ್ಪಿಲ್ಲ, ನೋಡೋಕೆ ಅಂತ ಅಲ್ಲಿಗೆ ಯಾರು ಬರುತ್ತಾರೆ? ಕೊನೆಗೆ ಒಂದು ಸಣ್ಣ ಗಾಣದವರು ಕರೆದು ಕೂರಿಸಿ ಎಲ್ಲ ತೋರಿಸಿದರು. ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ, ಗಾಣದಲ್ಲಿ ಅಷ್ಟೂ ಬರಲ್ಲ, ಉಳಿದಿದ್ದು ಹಿಂಡಿಯಲ್ಲಿ ಹೋಗಿ ದನದ ಹೊಟ್ಟೆ ಸೇರುತ್ತದೆ. ಆ ಬೆಚ್ಚಗಿನ ಹಿಂಡಿಯನ್ನ ಒಂದು ಚೂರು ಬೆಲ್ಲದ ಜೊತೆ ಕೈಗೆ ಕೊಟ್ಟರು. ದನದ ಮೇವು ಅಂತ ನಾನು ಮುಖ ಸಿಂಡರಿಸಿದೆ, ಇವರು ನನ್ನ ಪಾಲನ್ನೂ ತಿಂದು ಮುಗಿಸಿದರು. 1994ರಲ್ಲಿ ಪಾಮ್ ಎಣ್ಣೆ ಆಮದಿಗೆ ಬಾಗಿಲು ತೆರೆದ ಮೇಲೆ ಹೇಗೆ ಹೊಡೆತ ಬಿತ್ತು, ಯಾವ್ಯಾವ ಮಿಲ್ಲಿನ ಶೆಡ್ಡು ಈಗ ಗೋಡೌನ್ ಆಗಿದೆ ಅಂತ ಅವರು ಒಂದೊಂದೇ ಹೇಳುತ್ತಿದ್ದರೆ ನಮಗೆ ಏಳೋಕೇ ಮನಸ್ಸಿರಲಿಲ್ಲ. ಯಾವ ಗೈಡ್ ಇಷ್ಟು ಚೆನ್ನಾಗಿ ಹೇಳುತ್ತಾನೆ ಹೇಳಿ.

ಮಧ್ಯಾಹ್ನ ಅಲ್ಲೇ ಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿ. ಸಂಜೆ ದಾವಣಗೆರೆಗೆ ಬಂದು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಬೆಳಿಗ್ಗೆ ಅರಳಿದ್ದನ್ನ ನೋಡಿದ ಮಂಡಕ್ಕಿ, ಗಾಣದಲ್ಲಿ ಇಳಿದಿದ್ದನ್ನ ನೋಡಿದ ಶೇಂಗಾ ಎಣ್ಣೆ ಎರಡೂ ಒಂದೇ ತಟ್ಟೆಗೆ ಬಂದವಲ್ಲ ಅಂತ ಹೇಳಹೊರಟೆ, ಮಂಡಕ್ಕಿ ಗಾಡಿಯವರು ನಕ್ಕು, "ಎಣ್ಣೆ ಅದಲ್ಲಮ್ಮ, ಅಷ್ಟು ರೇಟಿಂದು ನಮಗೆ ಗಿಟ್ಟಲ್ಲ" ಅಂದರು.

ನನ್ನ ಕೇಳಿಕೆ ದೊಡ್ಡದೇನಲ್ಲ. ಜಿಲ್ಲಾಡಳಿತವೋ ಪಾಲಿಕೆಯೋ ಪ್ರವಾಸೋದ್ಯಮದವರೋ, ಯಾರಾದರೂ ಮುಂದೆ ಬಂದು ಒಪ್ಪುವ ನಾಲ್ಕೈದು ಭಟ್ಟಿ, ಒಂದೆರಡು ಗಾಣದವರ ಜೊತೆ ಮಾತಾಡಲಿ. ವಾರಕ್ಕೆ ಒಂದು ದಿನ, ಇಂಥ ಹೊತ್ತಿಂದ ಇಂಥ ಹೊತ್ತು ಅಂತ ಗೊತ್ತು ಮಾಡಲಿ. ಟಿಕೆಟ್ ಇಡಲಿ, ಆದರೆ ಆ ದುಡ್ಡಿನಲ್ಲಿ ಒಲೆ ಮುಂದೆ ನಿಲ್ಲುವವರಿಗೂ ಪಾಲು ಸಿಗಬೇಕು, ಮಾಲೀಕರಿಗೆ ಮಾತ್ರ ಅಲ್ಲ. ದಯವಿಟ್ಟು ಹತ್ತಿರದಲ್ಲಿ ಒಂದು ಶೌಚಾಲಯ ಕಟ್ಟಿಸಲಿ, ನೋಡೋಕೆ ಬರುವವರಿಗಿಂತ ಮೊದಲು ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ಅದು ಬೇಕು. ಗ್ಲಾಸ್ ಹೌಸ್ ಥರ ಏನೋ ಹೊಸದಾಗಿ ಕಟ್ಟಿ, ಒಳಗೆ ಮಂಡಕ್ಕಿಯ ಮಾದರಿ ಇಡೋದು ಮಾತ್ರ ಬೇಡ.

ಅಲ್ಲಿವರೆಗೆ ತಾವೇ ಹೋಗುತ್ತೇವೆ ಅನ್ನುವವರು ಮೊದಲು ಕೇಳಿ, ಒಪ್ಪಿಗೆ ತಗೊಂಡು ಒಳಗೆ ಹೋಗಿ. ಕೆಲಸ ಮಾಡುವವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಬಿಳಿ ಬಟ್ಟೆ ಬೇಡ. ಎಣ್ಣೆಗೆ ಮನೆಯಿಂದಲೇ ಕ್ಯಾನ್ ತನ್ನಿ. ಮಂಡಕ್ಕಿ ಚೀಲ ತೂಕ ಕಡಿಮೆ, ಗಾತ್ರ ಜಾಸ್ತಿ, ಬೈಕಿನಲ್ಲಿ ಹೆಂಡತಿ ಮತ್ತು ಚೀಲ ಎರಡಕ್ಕೂ ಜಾಗ ಸಾಲಲ್ಲ.

– ಒಬ್ಬ ಓದುಗಿ, ದಾವಣಗೆರೆ